ಎಡಗಡೆಯ ಸೀಟು

ಡ್ರೈವಿಂಗ್ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಕಲಿಸಿದ ಆ ಮನುಷ್ಯನಿಗೆ ಊರು ಕೊಟ್ಟಿದ್ದ ಬಿರುದು ನಿಧಾನ ಮೇಷ್ಟ್ರು. ದಿನವಿಡೀ ಎಡಗಡೆಯ ಸೀಟಿನಲ್ಲಿ ಕೂತು, ಕಲಿಸುವವರಿಗೆಂದೇ ಇಟ್ಟ ಎರಡನೇ ಬ್ರೇಕಿನ ಮೇಲೆ ಪಾದ ಊರಿ, 'ನಿಧಾನ, ನಿಧಾನ' ಎಂದು ಜಪ ಮಾಡುವುದು ಅವರ ಕಸುಬು. ಅದು ಎಷ್ಟು ಮೈಗೂಡಿತ್ತೆಂದರೆ, ಹೊಲಿಗೆ ಕೆಲಸದ ಹೆಂಡತಿ ಮಿಷನ್ನಿನ ಪೆಡಲ್ ಒತ್ತಿ ಭರ್ರೆಂದು ಬಟ್ಟೆ ಓಡಿಸಿದರೆ ಪಕ್ಕದ ಕೋಣೆಯಿಂದಲೂ 'ನಿಧಾನ' ಎನ್ನುತ್ತಿದ್ದರು. ಅವಳು ಒಂದು ದಿನವೂ ಕಿವಿಗೆ ಹಾಕಿಕೊಂಡವಳಲ್ಲ.

ಇಂಥವರು ಐವತ್ತೆಂಟನೆಯ ವಯಸ್ಸಿನಲ್ಲಿ ಎರಡೇ ಬಾಗಿಲಿನ ಪುಟ್ಟ ಕೆಂಪು ಕಾರಿಗೆ ಮನಸೋತರು. ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನ ಮುಂದೆ 'ಮಾರಾಟಕ್ಕಿದೆ' ಎಂಬ ಚೀಟಿ ಹೊತ್ತು ನಿಂತಿತ್ತು ಅದು. ಮೇಷ್ಟ್ರ ಆಸೆ ದೊಡ್ಡದೇನಲ್ಲ. ಊರಿನ ಅರ್ಧಕ್ಕರ್ಧ ಜನಕ್ಕೆ ಕಾರು ಕಲಿಸಿದ್ದರೂ, ಖುಷಿಗೆಂದು ತಾವು ಒಂದು ದಿನವೂ ಜೋರಾಗಿ ಓಡಿಸಿರಲಿಲ್ಲ. ಈಗಲ್ಲದಿದ್ದರೆ ಇನ್ನು ಇಲ್ಲ ಎಂದು ಅವರಿಗೆ ಗೊತ್ತಿತ್ತು.

ನೋಡಲು ಹೋದವರು ಅಭ್ಯಾಸಬಲದಿಂದ ಎಡಗಡೆ ಬಾಗಿಲು ತೆಗೆದು ಕೂತುಬಿಟ್ಟರು. ಡಾಕ್ಟರಮ್ಮ ಅವರದೇ ಹಳೆಯ ಶಿಷ್ಯೆ. ಮೇಷ್ಟ್ರು ಪರೀಕ್ಷೆಗೇ ಬಂದಿದ್ದಾರೆಂದುಕೊಂಡು, ಮೂರು ಕನ್ನಡಿಯನ್ನೂ ನೋಡಿ, ಮೂವತ್ತೈದು ದಾಟದ ಹಾಗೆ ಓಡಿಸಿದಳು. ಎಂಜಿನ್ ದಾರಿಯುದ್ದಕ್ಕೂ ಕೆಮ್ಮಿತು. ಆ ಕಾರಿನ ಎಡಗಡೆ ಇಲ್ಲದ ಬ್ರೇಕನ್ನು ಮೇಷ್ಟ್ರ ಪಾದ ನಾಲ್ಕು ಸಲ ಒತ್ತಿತು. ಕೆಮ್ಮು ಕೇಳಿಸಿಕೊಂಡ ಮೇಲೆ ಮೆಕ್ಯಾನಿಕ್‌ಗೆ ತೋರಿಸದೆ ವಿಧಿಯಿರಲಿಲ್ಲ.

ಮೆಕ್ಯಾನಿಕ್ ಬಾನೆಟ್ಟಿನೊಳಗೆ ತಲೆ ತೂರಿಸಿದವನು ನಗುತ್ತಾ ಹೊರಗೆ ಬಂದ. "ಇದಕ್ಕೆ ಕಾಯಿಲೆ ಏನಿಲ್ಲ. ತೆವಳಿಸಿ ತೆವಳಿಸಿ ಒಳಗೆಲ್ಲ ಮಸಿ ಕಟ್ಟಿದೆ. ಹೆದ್ದಾರೀಲಿ ಚೆನ್ನಾಗಿ ಓಡಿಸಿದ್ರೆ ಸರಿಹೋಗುತ್ತೆ. ಹಿಂಗೆ ಓಡಿಸೋದಕ್ಕೆ ಇವರಿಗೆ ಕಲಿಸಿದ್ಯಾರು?"

ಡಾಕ್ಟರಮ್ಮ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ಬಹಳ ಆಸಕ್ತಿಯಿಂದ ಟೈರು ನೋಡಿದರು.

ಕ್ಲಿನಿಕ್ಕಿನಲ್ಲಿ ರೋಗಿಗಳು ಕಾದಿದ್ದರಿಂದ ಅವಳು ಬೀಗದ ಕೈ ಅವರ ಕೈಗಿತ್ತು, ನಿಮ್ಮನ್ನು ನಂಬದೆ ಇನ್ಯಾರನ್ನು ನಂಬಲಿ ಎಂದು ಹೋದಳು. ಮೇಷ್ಟ್ರು ಒಬ್ಬರೇ ಹೆದ್ದಾರಿ ಸೇರಿದರು. ಮುಳ್ಳು ಐವತ್ತು ಮುಟ್ಟಿದ್ದೇ ಯಾರೋ 'ನಿಧಾನ' ಎಂದರು. ಕಾಲು ತಾನಾಗಿ ಮೇಲೆದ್ದಿತು. ಪಕ್ಕದ ಸೀಟು ಖಾಲಿ. ಅಂದದ್ದು ತಮ್ಮದೇ ಬಾಯಿ. ಮೂರು ಸಲ ಪ್ರಯತ್ನಿಸಿದರು, ಮೂರು ಸಲವೂ ಅದೇ ಕಥೆ. ಹಿಂದಿನ ಲಾರಿಯವನು ಹಾರ್ನ್ ಹೊಡೆದು ಹೊಡೆದು ಸಾಕಾಗಿ ಮುಂದೆ ಹೋದ. ಮೇಷ್ಟ್ರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ತಮಗೆ ಕಾರು ಓಡಿಸುವುದಕ್ಕೇ ಬರುವುದಿಲ್ಲವೇನೋ ಅನ್ನಿಸಿತು. ಕಾರು ಹಿಂತಿರುಗಿಸಿ, ನಾಳೆ ಹೇಳುತ್ತೇನೆ ಎಂದು ಡಾಕ್ಟರಮ್ಮನಿಗೆ ಹೇಳಿ ಮನೆಗೆ ಬಂದರು.

ಮನೆಯಲ್ಲಿ ಎಲ್ಲವನ್ನೂ ತೋಡಿಕೊಂಡರು. ಹೆಂಡತಿ ದಾರ ಕಚ್ಚಿ ತುಂಡರಿಸಿ, ಇಷ್ಟು ವರ್ಷ ಎಡಗಡೆಯವರು ಹೇಳಿದ್ದನ್ನಲ್ಲವೇ ಬಲಗಡೆಯವರು ಕೇಳಿದ್ದು ಎಂದು ಕೇಳಿದಳು. ಹೌದೆಂದರು.

"ಹಾಗಾದ್ರೆ ನಾಳೆ ನಾನು ಕೂತ್ಕೋತೀನಿ."

ಮರುದಿನ ಬೆಳಿಗ್ಗೆ ಕಾರನ್ನು ಇನ್ನೊಮ್ಮೆ ಕೇಳಿ ಪಡೆದರು. ಹೆಂಡತಿ ಕೊರಳಿನ ಅಳತೆ ಟೇಪನ್ನೂ ತೆಗೆಯದೆ ಬಂದು ಎಡಗಡೆ ಕೂತಳು. ಹೆದ್ದಾರಿಯಲ್ಲಿ ಐವತ್ತಾಯಿತು. ಮೇಷ್ಟ್ರ ಬಾಯಿ ತೆರೆಯಿತು.

"ಬಾಯಿ ಮುಚ್ಚಿ. ಒತ್ತಿ," ಎಂದಳು.

ಮೇಷ್ಟ್ರು ಒತ್ತಿದರು. ಅರವತ್ತಕ್ಕೆ ಎಂಜಿನ್ ಎರಡು ಸಲ ಕೆಮ್ಮಿ, ಹಿಂದಿನಿಂದ ಒಂದಷ್ಟು ಕಪ್ಪು ಹೊಗೆ ಉಗುಳಿತು. ಎಪ್ಪತ್ತಕ್ಕೆ ಗಂಟಲು ಸರಿಯಾಯಿತು. ತೊಂಬತ್ತರವರೆಗೆ ಹೋಗಬಹುದೆಂದು ರಸ್ತೆಬದಿಯ ಫಲಕವೇ ಹೇಳುತ್ತಿತ್ತು. ಅಷ್ಟು ವರ್ಷ ಅದನ್ನು ಮೇಷ್ಟ್ರು ಬೆದರಿಕೆಯೆಂದೇ ಓದಿದ್ದರು. ಎಂಬತ್ತೈದರಲ್ಲಿ ಅವರಿಗೆ ಜೋರಾಗಿ ನಗು ಬಂತು.

ನಗುತ್ತಲೇ ಒಂದು ಕ್ಷಣ ಎಡಕ್ಕೆ ಕಣ್ಣು ಹಾಯಿಸಿದರು. ಅವಳ ಪಾದವೂ ಬರಿಯ ಮ್ಯಾಟನ್ನು ಬಲವಾಗಿ ಒತ್ತಿ ಹಿಡಿದಿತ್ತು. ಬ್ರೇಕ್ ಹುಡುಕುವ ಕಾಲಲ್ಲ ಅದು, ಹೊಲಿಗೆ ಮಿಷನ್ ಓಡಿಸುವ ಕಾಲು. ಕಾರನ್ನು ಕೊಳ್ಳುವುದೆಂದು ಮೇಷ್ಟ್ರು ಆಗಲೇ ತೀರ್ಮಾನಿಸಿದರು.

"ಮುಂದೆ ನೋಡಿ ಓಡಿಸಿ," ಎಂದಳು ಅವಳು.