ನಸೀಮಾ ಮೇಡಂ ಬಳೆ ಏರಿಸಿದರೆಂದರೆ

“ಇಂಗ್ಲಿಷ್ ಓದ್ಲಾಕ ತಡವರಸ್ತಾಳ, ಕಂಪ್ಯೂಟರ್ ಡಿಗ್ರಿ ಮಾಡ್ತಾಳಂತ! ಈ ಜನ್ಮದಾಗ ಆಗಂಗಿಲ್ಲ ಬಿಡು” ಎಂದವರು ನಮ್ಮ ಶಿವರಾಯ ಕಾಕಾ. ಕಮಲಾಪುರದ ಬಸ್ ನಿಲ್ದಾಣದಲ್ಲಿ, ನಾಲ್ಕು ಮಂದಿಗೆ ಕೇಳುವ ಹಾಗೆ ಅಪ್ಪನಿಗೆ ಹೇಳಿದ್ದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರೇ ಇರಲಿಲ್ಲ. ಅಪ್ಪ ನನ್ನ ಚೀಲವನ್ನು ಕಲಬುರಗಿ ಬಸ್ಸಿನ ಕಿಟಕಿಯಿಂದ ಒಳಗೆ ಎಸೆದು ಸೀಟು ಹಿಡಿದರು.

ಆಗ್ತದ ಎಂದವರು ನಸೀಮಾ ಮೇಡಂ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಸೀರೆ ಅಂಗಡಿಯೊಂದರ ಮಾಳಿಗೆಯ ಮೇಲೆ ಅವರ ಕಂಪ್ಯೂಟರ್ ಸೆಂಟರ್. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಬಿಸಿಎ ಓದುವ ನಾವು ಕಾಲೇಜು ಬಿಟ್ಟೊಡನೆ ಪ್ರಾಜೆಕ್ಟ್ ಮಾಡಲು ಅಲ್ಲಿಗೆ ಓಡುತ್ತಿದ್ದೆವು. ಪರದೆಯ ಮೇಲೆ ಎರರ್ ಬಂದರೆ ನಮ್ಮ ಮುಖ ಬಾಡುತ್ತಿತ್ತು, ಅವರ ಮುಖ ಅರಳುತ್ತಿತ್ತು. ರೊಟ್ಟಿ ಬಡಿಯಲು ಕೂರುವವರಂತೆ ಎರಡೂ ಕೈಯ ಗಾಜಿನ ಬಳೆಗಳನ್ನು ಮೊಣಕೈತನಕ ಏರಿಸಿ, “ಅರೇ ವಾ! ಈಗ ಬಂತು ನೋಡ್ರಿ ಮಜಾ! ಸರೀರಿ, ಜಾಗ ಬಿಡ್ರಿ” ಎನ್ನುತ್ತಿದ್ದರು.

ನಮ್ಮನ್ನು ಹೆಸರು ಹಿಡಿದು ಕರೆದವರಲ್ಲ, ನಮ್ಮ ಊರು, ಓಣಿಗಳ ಹೆಸರಿನಿಂದಲೇ ಕರೆಯುತ್ತಿದ್ದರು. “ಏ ತಾಜಸುಲ್ತಾನಪುರ, ಫ್ಯಾನ್ ಹಾಕು.” “ಬ್ರಹ್ಮಪುರ, ನಿದ್ದಿ ಮನ್ಯಾಗ ಮಾಡವಾ.” ನಾನು ಕಮಲಾಪುರ. ಇಂಗ್ಲಿಷ್ ಪುಸ್ತಕದ ಪಾಠವೆಲ್ಲ ಅವರ ಬಾಯಲ್ಲಿ ಮನೆಮಾತಾಗುತ್ತಿತ್ತು. ವೆಬ್‌ಸೈಟಿಗೆ ಹೊರಗಿನಿಂದ ತಂದು ಜೋಡಿಸುವ ಪ್ಲಗಿನ್ ಎಂದರೇನು ಎಂದು ಕೇಳಿದ್ದಕ್ಕೆ, “ಮನಿ ಅಳಿಯ ಇದ್ದಂಗ. ಕೆಲಸ ಛಲೋ ಮಾಡ್ತಾನ. ಆದ್ರ ಮನ್ಯಾಗ ಯಾರ ಜೋಡಿ ಯಾವಾಗ ಜಗಳ ತೆಗೀತಾನೋ ಗೊತ್ತಾಗಂಗಿಲ್ಲ” ಎಂದಿದ್ದರು. ಮದುವೆಯಾಗದ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನನ್ನ ಪ್ರಾಜೆಕ್ಟು ನಮ್ಮೂರ ಕೆಂಪು ಬಾಳೆಯ ವೆಬ್‌ಸೈಟ್. ತೋಟ, ಗೊನೆ, ಹಣ್ಣು ತುಂಬಿದ ಟಂಟಂ ಆಟೋ, ಗೊನೆ ಎತ್ತಿಕೊಂಡು ನಿಂತ ನಮ್ಮವ್ವ, ಎಲ್ಲರ ಫೋಟೋ ತೆಗೆದು, ಪ್ಲಗಿನ್ ಜೋಡಿಸಿ ಗ್ಯಾಲರಿ ಮಾಡಿದ್ದೆ. ಸೆಂಟರಿನ ಕಂಪ್ಯೂಟರಿನಲ್ಲಿ ಚಿತ್ರಗಳು ಒಂದರ ಹಿಂದೊಂದು ಮೆರವಣಿಗೆ ಹೊರಡುತ್ತಿದ್ದವು. ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಅದನ್ನು ಇಂಟರ್ನೆಟ್ಟಿಗೆ ಏರಿಸಿದೆ. ತೆರೆದು ನೋಡಿದರೆ ಬರೀ ಖಾಲಿ ಚೌಕಗಳು, ಒಂದೊಂದರ ಮೂಲೆಯಲ್ಲೂ ಕೆಂಪು ಗುಣಾಕಾರ ಚಿಹ್ನೆ. ಬೆಳಿಗ್ಗೆ ಹೊರಗಿನಿಂದ ಬರುವ ಪರೀಕ್ಷಕರು ಇಂಟರ್ನೆಟ್ಟಿನಲ್ಲೇ ತೆರೆದು ನೋಡುವವರು. ಪ್ರಾಜೆಕ್ಟು ಹೋದರೆ ಡಿಗ್ರಿ ಹೋಯಿತು. ನನ್ನ ಕಣ್ಣಲ್ಲಿ ನೀರು ಬಂತು.

“ಅಳಿಯ ಕೆಟ್ಟಾನ್ರಿ ಮೇಡಂ. ತೆಗೆದು ಬ್ಯಾರೆ ಹಾಕ್ಲಾ?”

ಬಳೆಗಳು ಮೇಲೇರಿದವು. “ನಿಂದ್ರು! ವಿಚಾರಣಿ ಇಲ್ದ ಯಾರನ್ನೂ ಮನಿ ಬಿಟ್ಟು ಓಡಿಸಬ್ಯಾಡ. ಯಾರು ಬೇಗುನಾ ಅದಾರ, ಮೊದಲ ಅವರನ್ನ ಬಿಡುಗಡಿ ಮಾಡು.” ತಪ್ಪಿಲ್ಲದವರನ್ನು ಒಬ್ಬೊಬ್ಬರನ್ನಾಗಿ ಬಿಡುತ್ತ ಹೋದರೆ ಕೊನೆಗೆ ಉಳಿದವನೇ ಕಳ್ಳ, ಇದು ಅವರ ಪದ್ಧತಿ. ಎಲ್ಲ ಪ್ಲಗಿನ್‌ಗಳನ್ನೂ ಬಂದ್ ಮಾಡಿ ಒಂದೊಂದನ್ನೇ ಚಾಲೂ ಮಾಡಿದೆವು. ಯಾರೂ ಜಗಳವಾಡಲಿಲ್ಲ. ಫೋಟೋಗಳ ಗಾತ್ರ ನೋಡಿದೆವು, ಸರಿ ಇತ್ತು. ಫೋಲ್ಡರ್ ನೋಡಿದೆವು, ಫೋಟೋಗಳೆಲ್ಲ ಅಲ್ಲೇ ಇದ್ದವು. ಪುಟವನ್ನು ಕೆಳಗೆ ಸರಿಸಿದ ಮೇಡಂ ಒಮ್ಮೆಲೇ ಮೇಜು ಬಡಿದರು.

“ಅರೇ! ಈಕಿ ಒಬ್ಬಾಕಿ ಹೆಂಗ ಬಂದಳು?”

ಖಾಲಿ ಚೌಕಗಳ ನಡುವೆ ನಮ್ಮವ್ವ, ಗೊನೆ ಎತ್ತಿಕೊಂಡು ನಗುತ್ತಿದ್ದಳು.

“ಅವ್ವನ ಫೋಟೋಕ್ಕ ಏನು ಹೆಸರಿಟ್ಟಿ? ಬಾಳಿಗೇನಿಟ್ಟಿ? ಗ್ಯಾಲರಿಗೇನಂತ ಬರದಕೊಟ್ಟಿ? ಜೋರಾಗಿ ಓದು.”

ಗ್ಯಾಲರಿಗೆ ಯಾವ ಫೋಟೋ ತೋರಿಸಬೇಕೆಂದು ನಾವೇ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿಕೊಡಬೇಕಿತ್ತು. ಓದಿದೆ. ಫೋಲ್ಡರಿನಲ್ಲಿ ಬಾಳೆ. ಗ್ಯಾಲರಿಯಲ್ಲೂ ಬಾಳೆ.

“ಕಿವಿಗಿ ಒಂದೇ ಅದ. ಕಣ್ಣಿಗಿ?”

ಮತ್ತೆ ನೋಡಿದೆ. ಫೋಲ್ಡರಿನಲ್ಲಿ ದೊಡ್ಡ ಬಿ, ಗ್ಯಾಲರಿಯಲ್ಲಿ ಸಣ್ಣ ಬಿ. “ಎರಡೂ ಬಿ ಅಲ್ರಿ ಮೇಡಂ?”

ಅವರು ಕುರ್ಚಿಯಿಂದ ಎದ್ದೇಬಿಟ್ಟರು. “ನಮ್ಮ ಕನ್ನಡದಾಗ ಬ ಅಂದ್ರ ಬ. ಸಾಹುಕಾರನ ಹೆಸರಿಗೂ ಅದೇ ಬ, ಕೂಲಿಯವನ ಹೆಸರಿಗೂ ಅದೇ ಬ. ನಮ್ಮ ಈ ಕಂಪ್ಯೂಟರಿಗೂ ಅಷ್ಟೇ, ಭೇದ ಇಲ್ಲ. ಇಂಟರ್ನೆಟ್ಟಿನ ಆ ಕಂಪ್ಯೂಟರ್ ಅದಲಾ, ಅದು ದೊಡ್ಡ ಬಿ ಬ್ಯಾರೆ ಮನಷಾ, ಸಣ್ಣ ಬಿ ಬ್ಯಾರೆ ಮನಷಾ ಅಂತದ!”

ಶಾಲೆಯಲ್ಲಿ ಕಲಿಸಿದ್ದರು, ಇಂಗ್ಲಿಷಿನಲ್ಲಿ ಹೆಸರೆಂದರೆ ದೊಡ್ಡ ಅಕ್ಷರದಿಂದ ಶುರು. ಅದಕ್ಕೇ ಎಲ್ಲ ಫೋಟೋಗಳಿಗೂ ದೊಡ್ಡಕ್ಷರ ಹಾಕಿದ್ದೆ, ಗ್ಯಾಲರಿಯಲ್ಲಿ ಗಡಿಬಿಡಿಯಿಂದ ಸಣ್ಣದರಲ್ಲಿ ಬರೆದಿದ್ದೆ. ಅವ್ವ ಎನ್ನುವುದು ಒಂದು ಹೆಸರು ಎಂದು ಮಾತ್ರ ನನಗೆ ಹೊಳೆದೇ ಇರಲಿಲ್ಲ. ಅವಳನ್ನು ಎರಡೂ ಕಡೆ ಸಣ್ಣಕ್ಷರದಲ್ಲೇ ಬರೆದಿದ್ದೆ.

“ನೀನೇ ತಿದ್ದು. ನಾ ಮುಟ್ಟಂಗಿಲ್ಲ” ಎಂದು ಮೇಡಂ ಕೈ ಕಟ್ಟಿ ನಿಂತರು. ತಿದ್ದಿದೆ. ತೋಟ ಬಂತು, ಗೊನೆ ಬಂತು, ಟಂಟಂ ಬಂತು! ನಾನು ಕುಣಿದೆ, ಮೇಡಂ ನನಗಿಂತ ಜೋರಾಗಿ ಕುಣಿದರು. ಕೆಳಗಿನಿಂದ ಸೀರೆ ಅಂಗಡಿಯವರು ಕೂಗಿದರು, “ಮೇಡಂ, ಛತ್ತು ಗಿರಾಕಿ ಮ್ಯಾಲ ಬೀಳ್ತದ್ರಿ!”

“ಬಿದ್ರ ಬೀಳಲಿ ಸೇಠ್‌ಜೀ! ನಮ್ಮ ಕಮಲಾಪುರ ಕಳ್ಳನ್ನ ಹಿಡದಾಳ!”

ಮರುದಿನ ಪರೀಕ್ಷಕರು ಗ್ಯಾಲರಿಯನ್ನು ಎರಡೆರಡು ಸಲ ತಿರುಗಿಸಿ ನೋಡಿ, “ಈ ಬಾಳೆ ನಿಜವಾಗಿಯೂ ಕೆಂಪಗಿರುತ್ತಾ?” ಎಂದು ಕೇಳಿದರು. ಹೌದು ಸರ್ ಎಂದೆ. ಬೇರೇನೂ ಕೇಳಲಿಲ್ಲ. ಪಾಸಾದೆ!

ಫಲಿತಾಂಶದ ಪೇಢೆ ಹಿಡಿದು ಹೋದಾಗ ಮೇಡಂ ಕಂಪ್ಯೂಟರುಗಳನ್ನು ರಟ್ಟಿನ ಡಬ್ಬಿಗೆ ತುಂಬಿಸುತ್ತಿದ್ದರು. ಅವರ ಯಜಮಾನರಿಗೆ ಬೀದರಿಗೆ ವರ್ಗವಾಗಿತ್ತು. ಪೇಢೆ ಬಾಯಿಗೆ ಹಾಕಿಕೊಂಡು, “ಇನ್ನೊಬ್ಬರಿಗಿ ಕಲಸು. ಆದ್ರ ತಪ್ಪು ಅವರೇ ಹುಡುಕಲಿ, ನೀ ಕೈ ಹಾಕಬ್ಯಾಡ” ಎಂದರು. ಆಮೇಲೆ ನಾನು ಅವರನ್ನು ನೋಡಿಲ್ಲ. ಆ ಮಾಳಿಗೆಯಲ್ಲಿ ಈಗ ಸೀರೆಯವರ ಗೋದಾಮು.

ಪದವಿ ಪ್ರಮಾಣಪತ್ರ ಬಂದ ದಿನ ಅವ್ವನನ್ನು ಕಾಲೇಜಿಗೆ ಕರೆದೊಯ್ದೆ. ಕಚೇರಿಯವರು ಕೈಗೆ ಕೊಟ್ಟದ್ದನ್ನು ಹಾಗೇ ಅವಳ ಕೈಗಿಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು. ಓದಲು ಬಾರದು.

“ನಿನ್ನ ಹೆಸರು ಎಲ್ಲದ?”

ತೋರಿಸಿದೆ. ಬೆರಳಿಟ್ಟು ಸವರಿದಳು.

“ನಿಮ್ಮ ಮೇಡಂದು?”

“ಅವರದು ಇರಂಗಿಲ್ಲವ್ವ.”

ಅವ್ವ ಕಾಗದ ತಿರುಗಿಸಿ ಹಿಂಬದಿಯನ್ನೂ ನೋಡಿದಳು. ಆಮೇಲೆ ಕಚೇರಿಯ ಬಾಗಿಲ ಕಡೆ ನನ್ನ ಹೆಗಲು ತಳ್ಳಿ ಅಂದಳು: “ಅರ್ಧಾನೇ ಕೊಟ್ಟಾರ ನೋಡು. ಹೋಗಿ ಕೇಳು.”