ಅಂಗೈಯಲ್ಲಿ ಲಿಂಗ, ಎದೆಯಲ್ಲಿ ಚುಕ್ಕೆ

ಭಾಲ್ಕಿಯಿಂದ ಮದುವೆಯಾಗಿ ನಾಸಿಕ್‌ಗೆ ಬಂದ ಚನ್ನಮ್ಮ, ಪಂಚವಟಿಯ ತಮ್ಮ ಕಿರಾಣಿ ಅಂಗಡಿಯಲ್ಲಿ ಗಿರಾಕಿಗಳಿಗೆ ಬಾಯಿ ತೆರೆಯಲು ಬಿಟ್ಟವರಲ್ಲ. ಮರಾಠಿ ಮನೆಯಿಂದ ಬಂದ ಸೊಸೆ ಅಶ್ವಿನಿಗಂತೂ ಆ ಆಸೆಯೇ ಇರಲಿಲ್ಲ. ಎದೆಯ ಎಂಆರ್‌ಐ ಮಾಡಿಸುವಾಗ ಮಾತ್ರ ಚನ್ನಮ್ಮನ ಆಟ ನಡೆಯಲಿಲ್ಲ. ಇಷ್ಟಲಿಂಗವಿಟ್ಟ ಬೆಳ್ಳಿಯ ಕರಡಿಗೆಯನ್ನು ಒಳಗೆ ತರುವಂತಿಲ್ಲ ಎಂದರು ಆಸ್ಪತ್ರೆಯವರು. ಕೊರಳ ಲಿಂಗವನ್ನು ಕರಡಿಗೆ ಸಮೇತ ಅಶ್ವಿನಿಯ ಕೈಗೆ ಕೊಡಬೇಕಾಯಿತು.

ಎಡಗಡೆ ಅನುಮಾನದ ಚುಕ್ಕೆಯೊಂದಿದೆ ಎಂದು ವರದಿ ಬಂದಾಗ ಚನ್ನಮ್ಮ ಕಾರಣಕ್ಕಾಗಿ ತಡಕಾಡಲಿಲ್ಲ. ಲಿಂಗದೀಕ್ಷೆಯಾಗದ ಸೊಸೆಯ ಕೈ ಲಿಂಗ ಮುಟ್ಟಿತ್ತಲ್ಲ! ಮನೆಯಲ್ಲಿ ಹಗಲಿರುಳು ಅದೇ ರಾಗ. ಒಳಗೊಳಗೆ ಕ್ಯಾನ್ಸರಿನ ಹೆದರಿಕೆಯಿತ್ತು. ಅದನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ಸೊಸೆಯನ್ನು ಬೈಯುವುದು ಸುಲಭವಾಗಿತ್ತು.

ಆ ಚುಕ್ಕೆಯನ್ನು ಅಲ್ಟ್ರಾಸೌಂಡ್‌ನಲ್ಲಿ ಹುಡುಕಿ, ಸಿಕ್ಕರೆ ಸೂಜಿ ಹಾಕಿ ಚೂರು ತೆಗೆದು ಪರೀಕ್ಷಿಸಬೇಕು ಎಂದರು ಡಾಕ್ಟರ್ ಮೃದುಲಾ. ಇಲ್ಲಿ ಬೆಳ್ಳಿಗೆ ಅಡ್ಡಿಯಿಲ್ಲವೆಂದು ಕೇಳಿ ಚನ್ನಮ್ಮನಿಗೆ ಹೋದ ಜೀವ ಬಂತು. ಎಡಗೈ ತಲೆಯ ಮೇಲಕ್ಕೆ ಎತ್ತಲು ಹೇಳಿದ್ದೇ ತಡ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು, ಕಣ್ಣು ಮುಚ್ಚಿ, ಪೂಜೆಗೇ ತೊಡಗಿದರು. ಡಾಕ್ಟರು ಏನೋ ಕೇಳಹೋದರೆ ಬಲಗೈ ಎತ್ತಿ ಸುಮ್ಮನಿರಿಸಿದರು.

ಎಷ್ಟು ಹುಡುಕಿದರೂ ಚುಕ್ಕೆ ಕಾಣಲಿಲ್ಲ.

"ದೇವ್ರು ಅಳಿಸ್ಯಾನ್ರಿ. ಇಲ್ಲ ಅಂತ ಬರದು ಕೊಡ್ರಿ," ಎಂದು ಚನ್ನಮ್ಮ ಎದ್ದೇಬಿಟ್ಟರು.

ಡಾಕ್ಟರು ನಗುತ್ತ ಮತ್ತೆ ಮಲಗಿಸಿದರು. ಎಂಆರ್‌ಐಯಲ್ಲಿ ಬೋರಲು ಮಲಗಿದ್ದಿರಿ, ಈಗ ಅಂಗಾತ ಮಲಗಿದ್ದೀರಿ, ಚುಕ್ಕೆಯ ಜಾಗ ಸರಿದಿರುತ್ತದೆ, ಕಾಣದ ಮಾತ್ರಕ್ಕೆ ಇಲ್ಲವೆನ್ನಲಾಗದು ಎಂದು ಮರಾಠಿಯಲ್ಲಿ ತಿಳಿಹೇಳಿ ಮಗ್ಗುಲಾಗಿಸಿದರು. ಚುಕ್ಕೆ ಸಿಕ್ಕಿತು.

ಸೂಜಿ ಕಂಡದ್ದೇ ಚನ್ನಮ್ಮನ ಪೂಜೆ ನಿಂತಿತು. ಲಿಂಗವನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಎದ್ದು ಕೂರಹೋದರು. ಬಾಗಿಲ ಬಳಿಯಿದ್ದ ಅಶ್ವಿನಿ ಓಡಿ ಬಂದವಳು, ಮುಟ್ಟಲು ಧೈರ್ಯವಾಗದೆ ಮಂಚದ ಕಂಬಿ ಹಿಡಿದು ನಿಂತಳು.

"ಏನ್ ನೋಡ್ತಿ? ಕೈ ಹಿಡಿ."

"ಕೈಯಾಗ ಲಿಂಗ ಅದ ಅಲ್ಲರಿ, ಅತ್ತಿ."

"ಅದರ ಸಂಗಟನೇ ಹಿಡಿ. ನನಗ ಅಂಜಿಕಿ ಆಗ್ಲಿಕತ್ತದ."

ಚೂರಿನಲ್ಲಿ ಕ್ಯಾನ್ಸರ್ ಇರಲಿಲ್ಲ. ಚನ್ನಮ್ಮ ಅಂಗಡಿಗೆ ಬಂದವರಿಗೆಲ್ಲ ಉಪ್ಪುಬೇಳೆಯ ಜೊತೆ ಲಿಂಗದ ಮಹಿಮೆಯನ್ನೂ ಕಟ್ಟಿಕೊಟ್ಟರು. ಸೊಸೆಯ ರೊಟ್ಟಿ ದಪ್ಪವೆಂದು ಬೈಯುವುದನ್ನೂ ನಿಲ್ಲಿಸಲಿಲ್ಲ. ಆದರೆ ಆರು ತಿಂಗಳ ನಂತರ ಮತ್ತೊಮ್ಮೆ ಎಂಆರ್‌ಐಗೆ ಹೋದಾಗ, ಕರಡಿಗೆಗಾಗಿ ನರ್ಸ್ ಕೈಚಾಚಿದರೆ ಕೊಡಲಿಲ್ಲ. ಹೊರಗೆ ಕುಳಿತಿದ್ದ ಅಶ್ವಿನಿಯನ್ನು ಕೂಗಿ ಕರೆದರು.