ಅತಿಥಿಗೃಹದ ಒಲೆ ಮುಂದೆ ಇಂಗ್ಲಿಷ್ ಪಾಠ

ಬೆಳಕು ಹರಿಯುವ ಮೊದಲೇ ಮಾಸ್ತಿಯಿಂದ ಹೊರಡುವ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕರೆ ಶ್ಯಾಮಲಮ್ಮನವರಿಗೆ ಅದೇ ಅವತ್ತಿನ ಅದೃಷ್ಟ. ಮಾಲೂರಿನಲ್ಲಿಳಿದು ಕೈಗಾರಿಕಾ ಪ್ರದೇಶದ ಅತಿಥಿಗೃಹ ಸೇರಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆ ಹಚ್ಚುತ್ತಾರೆ. ಈರುಳ್ಳಿ ಹೆಚ್ಚುವಾಗ ಅವರ ತುಟಿ ಅಲ್ಲಾಡುತ್ತಿರುತ್ತದೆ. ದೇವರನಾಮ ಎಂದುಕೊಳ್ಳಬೇಡಿ. ಕಿವಿಗೊಟ್ಟರೆ ಕೇಳಿಸುವುದು ‘ಗೋ, ವೆಂಟ್, ಗಾನ್’.

ಮೂವತ್ತು ಜನರ ತಿಂಡಿ, ಮೂವತ್ತು ಜನರ ಊಟ, ಎರಡು ಹೊತ್ತು ಕಾಫಿ ಅವರ ದಿನದ ಪಾಲು. ಇಂಗ್ಲಿಷ್ ಅದರ ಲೆಕ್ಕಕ್ಕೆ ಬರುವುದಿಲ್ಲ. ಅದು ಊರ ಶಾಲೆಯಲ್ಲಿ ನರಸಿಂಹಪ್ಪ ಮೇಷ್ಟ್ರು ಕೊಟ್ಟದ್ದು. ಮಗ್ಗಿ ಹೇಳಿಸುವ ರಾಗದಲ್ಲೇ, ತೊಡೆ ತಟ್ಟಿಸಿ, ಅವರು ಕ್ರಿಯಾಪದಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಹತ್ತನೇ ತರಗತಿ ಮುಗಿಯುತ್ತಿದ್ದಂತೆ ಮದುವೆ. ಆಮೇಲೆ ಹಿಪ್ಪುನೇರಳೆ ಸೊಪ್ಪು, ರೇಷ್ಮೆ ಹುಳ.

“ನಮ್ಮೆಜಮಾನ್ರು ಕದಿರಪ್ಪನೋರು, ‘ಹುಳಕ್ಕೂ ಇಂಗ್ಲಿಷ್ ಬೇಕೇನೇ?’ ಅಂತ ರೇಗಿಸೋರು. ನಾನು ಸೊಪ್ಪು ಹಾಕ್ತಾ ಹೇಳ್ಕೊಂತಾನೇ ಇದ್ದೆ. ಮರೆತೋಗ್ಬಾರ್ದಲ್ವಾ?” ಎನ್ನುತ್ತಾರೆ.

ಆ ಇಂಗ್ಲಿಷಿಗೆ ಗಿರಾಕಿ ಸಿಕ್ಕಿದ್ದು ಹೋದ ವರ್ಷ. ಸೆನೆಗಲ್ ದೇಶದ ಮೆಕ್ಯಾನಿಕ್ ಮೂಸಾ ಪಕ್ಕದ ಕಾರ್ಖಾನೆಯ ಹೊಸ ಯಂತ್ರ ಜೋಡಿಸಲು ಬಂದು ಇಲ್ಲಿ ಇಳಿದುಕೊಂಡಿದ್ದ. ಅವನಿಗೆ ಬರುತ್ತಿದ್ದದ್ದು ಫ್ರೆಂಚ್. ಮೂರು ತಿಂಗಳಲ್ಲಿ ಇಂಗ್ಲಿಷ್ ಕಲಿತು ಕೆಲಸಗಾರರಿಗೆ ಯಂತ್ರ ವಿವರಿಸಬೇಕು, ಇಲ್ಲವಾದರೆ ಕೆಲಸ ಬಿಟ್ಟು ಊರಿಗೆ ಹೋಗಬೇಕು. ಹಾಗಂತ ಕಾರ್ಖಾನೆಯವರ ಷರತ್ತು.

ದಿನಾ ಬೆಳಿಗ್ಗೆ ಅವನು ಪಾಠಕ್ಕೆಂದು ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದ. ಭೂತಕಾಲಕ್ಕೆ ಕೊನೆಯಲ್ಲಿ ‘ಇ, ಡಿ’ ಅಕ್ಷರ ಹಚ್ಚಿದರೆ ಮುಗಿಯುವ ಕ್ರಿಯಾಪದಗಳಿಗೆ ಶ್ಯಾಮಲಮ್ಮ ಇಟ್ಟ ಹೆಸರು ‘ಮಾತು ಕೇಳೋವು’. ಉಳಿದವು ‘ಮೊಂಡು’. ಫ್ರೆಂಚಿನಲ್ಲಿ ‘ಮಾಡಿದೆ’ ಎನ್ನಲು ಕ್ರಿಯಾಪದದ ಜೊತೆ ಇನ್ನೊಂದು ಪದ ಬೇಕು; ಆ ಅಭ್ಯಾಸಬಲದಿಂದ ಮೂಸಾ ಎಲ್ಲದಕ್ಕೂ ಮುಂದೊಂದು ‘ಹ್ಯಾವ್’ ಸೇರಿಸುತ್ತಿದ್ದ. “ಬಿಡಿಸೋದ್ರಲ್ಲಿ ಸಾಕುಸಾಕಾಯ್ತು. ಆದ್ರೂ ಕಲ್ತ. ತೊಡೆ ತಟ್ಕೊಂಡು ಎಷ್ಟ್ ಚೆನ್ನಾಗಿ ಹೇಳ್ತಿದ್ದ ಗೊತ್ತಾ!”

ತಪ್ಪಾಗಿದ್ದೇ ಅಲ್ಲಿ. ಮೂರು ತಿಂಗಳ ಕೊನೆಗೆ ಕಾರ್ಖಾನೆಯವರು ಅತಿಥಿಗೃಹದಲ್ಲೇ ಮೂಸಾನ ಇಂಗ್ಲಿಷ್ ಪರೀಕ್ಷೆ ಮಾಡಿದ ದಿನ ಕಾಫಿ ಕೊಡಲು ಶ್ಯಾಮಲಮ್ಮ ಆ ಕೋಣೆಯಲ್ಲೇ ಇದ್ದರು. ಯಂತ್ರ ನಿಂತಾಗ ಏನಾಗಿತ್ತು ಎಂದು ಪರೀಕ್ಷೆ ಮಾಡುವವರು ಕೇಳಿದರು. ಏಳೆಂಟಲೆ ಎಷ್ಟೆಂದರೆ ಏಳೊಂದಲೆಯಿಂದ ಶುರುಮಾಡುವ ಮಗುವಿನ ಹಾಗೆ ಮೂಸಾ ತೊಡೆ ತಟ್ಟಿ, ‘ಬ್ರೇಕ್, ಬ್ರೋಕ್, ಬ್ರೋಕನ್’ ಎಂದು ರಾಗ ಎಳೆದ. ಪ್ರತಿ ಉತ್ತರಕ್ಕೂ ಅದೇ ರಾಗ. ಮೇಜಿನ ಆಚೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕವರೆಲ್ಲ ಇದೇ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಇದೇ ರಾಗದಲ್ಲಿ ಕಲಿತವರು. ಒಬ್ಬರಿಗೂ ಅದು ನೆನಪಾಗಲಿಲ್ಲ, ಅಥವಾ ನೆನಪಾಗಿಯೇ ಅಷ್ಟು ಜೋರಾಗಿ ನಕ್ಕರೋ ಏನೋ.

ಆ ವಾರವೇ ಮೂಸಾನನ್ನು ಕಳಿಸಿದರು. “ನನ್ನಿಂದ್ಲೇ ಅವನ ಅನ್ನ ಹೋಯ್ತು. ರಾಗ ಬಿಡಿಸ್ಬೇಕಾಗಿತ್ತು. ನಂಗೇ ಬಿಡಿಸಿದೋರಿಲ್ಲ,” ಎಂದು ಶ್ಯಾಮಲಮ್ಮ ಒಲೆಯ ಕಡೆ ತಿರುಗುತ್ತಾರೆ.

ಅತಿಥಿಗೃಹದ ಮ್ಯಾನೇಜರ್ ಅಮರನಾಥ್ ಕಡ್ಡಿ ಮುರಿದಂತೆ ಹೇಳಿದ್ದಾರೆ: “ಶ್ಯಾಮಲಮ್ಮ, ನೀವು ಅಡುಗೆ ನೋಡ್ಕೊಳ್ಳಿ. ಇನ್ನೊಂದ್ಸಲ ಪಾಠ ಗೀಠ ಅಂದ್ರೆ ಕೆಲಸಕ್ಕೆ ಬರೋದೇ ಬೇಡ.” ಈಗ ಇಂಗ್ಲಿಷ್ ಕಲಿಸಲು ಬೆಂಗಳೂರಿನ ತರಬೇತಿಯವರು ವಾರಕ್ಕೊಮ್ಮೆ ಕಂಪ್ಯೂಟರ್ ಪರದೆಯಲ್ಲಿ ಮುಖ ತೋರಿಸಿ ಹೋಗುತ್ತಾರೆ.

ಮೂಸಾನ ಜಾಗಕ್ಕೆ ಅದೇ ದೇಶದ ಇನ್ನೊಬ್ಬ ಮೆಕ್ಯಾನಿಕ್ ಬಂದಿದ್ದಾನೆ. ಕಷ್ಟವಾದರೆ ಅಡುಗೆಮನೆಗೆ ಹೋಗು ಎಂದು ಮೂಸಾನೇ ಹೇಳಿ ಕಳಿಸಿದ್ದನಂತೆ. ಮೊನ್ನೆ ಬಾಗಿಲಲ್ಲಿ ನಿಂತು, ‘ಮೇಡಂ, ಟೀಚ್ ಮಿ’ ಎಂದು ಕೈಮುಗಿದ.

ನೀವೇನು ಹೇಳಿದಿರಿ ಎಂದರೆ ಶ್ಯಾಮಲಮ್ಮ ಸೌಟು ಕೆಳಗಿಡುತ್ತಾರೆ.

“ನಂಗೆ ಇಂಗ್ಲಿಷ್ ಬರಲ್ಲ ನಾಯ್ನಾ, ಅಂದ್ಬಿಟ್ಟೆ. ಕನ್ನಡದಲ್ಲೇ ಅಂದೆ. ಇಂಗ್ಲಿಷಲ್ಲಿ ಅಂದಿದ್ರೆ ನಂಬ್ತಿದ್ನಾ?”